ಗಿಳಿ ಹಿಡಿದವಳ ತುಟಿ

ಕೊರೊನಾ ಮುಗಿದ ಎರಡನೆಯ ವರ್ಷ. ಹಳೇಬೀಡಿನಲ್ಲಿ ಕಲ್ಲಿನ ಗೊಂಬೆಗಳನ್ನು ಪರ ಊರುಗಳಿಗೆ ಕಳಿಸುವ ಒಂದು ಅಂಗಡಿಯಲ್ಲಿ ನಾನು ದುರಸ್ತಿ ವಿಭಾಗದ ಮುಖ್ಯಸ್ಥೆ. ವಿಭಾಗ ಎಂದರೆ ದೊಡ್ಡದೇನಲ್ಲ: ಕಿಟಕಿ ಪಕ್ಕ ಒಂದು ಮೇಜು, ಒಂದು ಟೇಬಲ್ ಲ್ಯಾಂಪು, ನಾನು. ಮುಖ್ಯಸ್ಥೆಯೂ ನಾನೇ, ಕಸ ಗುಡಿಸುವವಳೂ ನಾನೇ. ದಾರಿಯಲ್ಲಿ ಕೈಕಾಲು ಮುರಿದುಕೊಂಡು ವಾಪಸ್ ಬಂದ ಗೊಂಬೆಗಳನ್ನು ಸರಿಮಾಡಿ ಮತ್ತೆ ಕಳಿಸುವುದು ನನ್ನ ಕೆಲಸ. ಆ ಹೊತ್ತಿಗೆ ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದೆ.

ಈ ಕೆಲಸ ನಾನು ಬಯಸಿ ಪಡೆದದ್ದಲ್ಲ. ನನ್ನಪ್ಪ ಕಣಕಟ್ಟೆ ಕಡೆಯ ಶಿಲ್ಪಿ. ನಾನು ಹುಟ್ಟಿದಾಗಿನಿಂದ ಉಳಿಯ ಸದ್ದು ಕೇಳಿ ಬೆಳೆದವಳು. ಮದುವೆಯಾದ ನಾಲ್ಕನೆಯ ವರ್ಷಕ್ಕೆ ಗಂಡ ತೀರಿಕೊಂಡರು. ಹೊಟ್ಟೆಪಾಡಿಗೆಂದು ಅಂಗಡಿಗೆ ಬಂದು, ಕೆತ್ತನೆಯವರ ಜೊತೆ ನನಗೂ ಒಂದು ಉಳಿ ಕೊಡಿ ಎಂದು ಕೇಳಿದೆ. ಆಗ ಅಲ್ಲಿನ ಹಿರಿಯ ಶಿಲ್ಪಿ ಹುಲಿಕೆರೆಯ ವಿರೂಪಾಕ್ಷಾಚಾರ್ರು. ಹನ್ನೆರಡು ಜನ ಗಂಡಸರ ಎದುರಿಗೆ ಅವರು ಹೇಳಿದ್ದು ಇಷ್ಟು: "ಮುತ್ತೈದೆರ ಕೈಗೇ ಉಳಿ ಕೊಟ್ಟಿಲ್ಲ, ಇವಳಿಗೆಲ್ಲಿ ಕೊಡೋದು? ಒಡೆದಿದ್ದು ಅಂಟಿಸ್ಕೊಂಡಿರ್ಲಿ. ಭಿನ್ನವಾದ ಮೂರ್ತಿಗೆ ಇನ್ಯಾವ ದೋಷ ತಟ್ಟುತ್ತೆ?"

ನಮ್ಮಲ್ಲಿ ಒಡೆದ ಮೂರ್ತಿಯನ್ನು ಶಿಲ್ಪಿಗಳು ಮುಟ್ಟುವುದಿಲ್ಲ, ನೀರಿಗೆ ಬಿಡುತ್ತಾರೆ. ಹೀಗೆ ಯಾರೂ ಮುಟ್ಟದ ಕೆಲಸ, ಯಾರಿಗೂ ಬೇಡವಾದ ನನಗೆ ಬಂತು. ಮುಖದ ಮೇಲೆ ಹೊಡೆದಂತಾಗಿತ್ತು. ಆ ಮಾತನ್ನು ನಾನು ಒಂದು ದಿನವೂ ಮರೆಯಲಿಲ್ಲ, ಮರೆಯಬೇಕು ಎಂದೂ ಅನ್ನಿಸಲಿಲ್ಲ.

ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ಬಳಪದ ಕಲ್ಲು ಮೆತ್ತಗಿನದು, ಎಷ್ಟು ಸಣ್ಣ ಕುಸುರಿ ಬೇಕಾದರೂ ಮಾಡಬಹುದು. ಆದರೆ ಬೆರಳು, ಕಿವಿಯೋಲೆಯಂಥ ತೆಳು ಭಾಗಗಳು ಪೆಟ್ಟು ಬಿದ್ದರೆ ಪಟ್ಟನೆ ಮುರಿಯುತ್ತವೆ. ಕೆತ್ತಿದ ಮೇಲೆ ಕಪ್ಪು ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಉಜ್ಜಿರುತ್ತಾರೆ. ಎಣ್ಣೆ ಕುಡಿದ ಕಲ್ಲಿಗೆ ಅಂಟು ಹಿಡಿಯದು. ಮೊದಲು ಅಸಿಟೋನ್‌ನಲ್ಲಿ ತೊಳೆಯಬೇಕು. ಆಮೇಲೆ ಒಳಗೆ ಸ್ಟೀಲ್ ಪಿನ್ನು ಕೊಟ್ಟು, ಎಪಾಕ್ಸಿ ಅಂಟಿಗೆ ಅದೇ ಕಲ್ಲಿನ ಪುಡಿ ಕಲಸಿ ತುಂಬಬೇಕು. ಹೊಸದಾಗಿ ಮುರಿದ ಜಾಗ ಬೂದು ಬಣ್ಣಕ್ಕಿರುತ್ತದೆ, ಹಳೆಯದು ಎಣ್ಣೆ ಹೀರಿ ಕಪ್ಪಗಿರುತ್ತದೆ. ಇದು ಈ ಕಸುಬಿನ ಮೊದಲ ಪಾಠ.

ಆ ವರ್ಷ ನಾಗಪುರದ ಒಬ್ಬ ಸಂಗ್ರಹಕಾರರಿಗೆ ಕಳಿಸಿದ್ದ ಮದನಿಕೆಯೊಂದು ವಾಪಸ್ ಬಂತು. ಒಂದೂವರೆ ಅಡಿ ಎತ್ತರ, ಕೈಯಲ್ಲಿ ಗಿಳಿ ಹಿಡಿದು ನಿಂತವಳು. ಕೆತ್ತಿದವರು ವಿರೂಪಾಕ್ಷಾಚಾರ್ರು. ಅವರೇ ಬಟ್ಟೆ ಸುತ್ತಿ, ಡಬ್ಬಕ್ಕೆ ಮೊಳೆ ಹೊಡೆದು ಅಂಗಡಿಗೆ ಕೊಟ್ಟಿದ್ದರು. ಅದಾದ ಎರಡು ವಾರಕ್ಕೆ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಯಿತು, ಮಾತು ತೊದಲಾಯಿತು. ಆ ಗಿಳಿಯವಳೇ ಅವರ ಕೊನೆಯ ಗೊಂಬೆ.

ಡಬ್ಬ ಬಂದ ಸುದ್ದಿ ತಿಳಿದು ಅವರ ಹೆಂಡತಿ ಗೌರಮ್ಮನವರು ಬಸ್ಸು ಹಿಡಿದು ಬಂದರು. ನಾನಿನ್ನೂ ಡಬ್ಬ ಬಿಚ್ಚಿರಲಿಲ್ಲ.

"ಮತ್ತೆ ಕಳ್ಸೋಕ್ ಮುಂಚೆ ಒಂದ್ ಸಲ ಕಣ್ಣಾರೆ ನೋಡ್ಬೇಕಂತೆ ಕಣಮ್ಮ, ಅಷ್ಟೇ ಅವ್ರಾಸೆ" ಎಂದರು. "ಇನ್ನೊಂದ್ ಮಾತು. ಮುರ್ದಿರೋದ್ ಅಂಟ್ಸಿದ್ರೆ ಸಾಕಂತೆ. ಮುಖಕ್ಕೆ ಮಾತ್ರ ಕೈ ಹಾಕ್ಬಾರ್ದಂತೆ."

"ಯಾಕಂತೆ?"

"ನಂಗೇನ್ ಗೊತ್ತು? ಆ ಬೊಂಬೆ ಮಾಡ್ವಾಗ ನನ್ನೂ ಒಳೀಕೆ ಬಿಡ್ಲಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಕೈ ಬಿದ್ದುಹೋದರೂ ಈ ಮನುಷ್ಯನ ಕೊಬ್ಬು ಇಳಿದಿಲ್ಲವಲ್ಲ, ಇವಳ ಕೈ ಮುಖಕ್ಕೆ ಸೋಕಬಾರದು ಎಂದು ಈಗಲೂ ಹೇಳಿಕಳಿಸುತ್ತಾನಲ್ಲ ಎಂದುಕೊಂಡೆ. ಗೌರಮ್ಮನವರಿಗೆ "ಆಯ್ತು ಹೋಗ್ಬನ್ನಿ" ಎಂದಷ್ಟೇ ಹೇಳಿದೆ.

ಮಧ್ಯಾಹ್ನ ಡಬ್ಬ ಬಿಚ್ಚಿದೆ. ಗಿಳಿಯ ಕತ್ತು ಮುರಿದಿತ್ತು. ಬಲ ಮಣಿಕಟ್ಟು ತುಂಡಾಗಿತ್ತು. ಮೂರನೆಯದು ಮೇಲ್ದುಟಿಯಲ್ಲಿ, ಎಡಕ್ಕೆ ಒಂದು ಸೀಳು, ಮೂಗಿನ ಹೊಳ್ಳೆಯವರೆಗೆ ಹೋಗಿತ್ತು. ಮೊದಲ ಎರಡು ಜಾಗ ಬೂದು ಬಣ್ಣ. ಸೀಳಿನ ಒಳಗೆ ಮಾತ್ರ ಕಪ್ಪು ಹೊಳಪು, ಚೆನ್ನಾಗಿ ಎಣ್ಣೆ ಕುಡಿದಿತ್ತು. ಇದು ದಾರಿಯಲ್ಲಿ ಆದದ್ದಲ್ಲ.

ನನಗೆ ನಗು ಬಂತು. ಆನೆಯಂಥದ್ದೂ ಮುಗ್ಗರಿಸುತ್ತದೆ! ಲಕ್ವಕ್ಕೆ ಮುಂಚೆಯೇ ಕೈ ನಡುಗಿ ಉಳಿ ಜಾರಿದೆ, ಮೇಲೆ ಪಾಲಿಶ್ ಮಾಡಿ ಮುಚ್ಚಿಟ್ಟಿದ್ದಾರೆ, ಅದಕ್ಕೇ ಮುಖ ಮುಟ್ಟಬೇಡ ಅನ್ನುವುದು. "ಸಿಕ್ಕಾಕ್ಕೊಂಡ್ರಿ ಆಚಾರ್ರೇ" ಎಂದು ಜೋರಾಗಿಯೇ ಹೇಳಿದೆ. ಅವರ ತಪ್ಪನ್ನು ನಾನು, ಉಳಿ ಹಿಡಿಯಲು ಯೋಗ್ಯಳಲ್ಲದವಳು, ತಿದ್ದಿ ತೋರಿಸುತ್ತೇನೆ ಎಂದು ಹಟ ಹುಟ್ಟಿತು.

ಮಣಿಕಟ್ಟು, ಗಿಳಿ ಎರಡೂ ಸೇರಿ ಎರಡು ದಿನ ಹಿಡಿದವು. ತುಟಿಗೇ ಇಡೀ ಒಂದು ದಿನ ಕೊಟ್ಟೆ. ಸೀಳಿನ ಅಂಚು ನುಣುಪಾಗಿದ್ದರೆ ಎಪಾಕ್ಸಿ ನಿಲ್ಲುವುದಿಲ್ಲ. ಸಣ್ಣ ಅರದಿಂದ ಎರಡೂ ಅಂಚು ಉಜ್ಜಿ ಅಗಲ ಮಾಡಿದೆ. ಒಮ್ಮೆ ಉಜ್ಜಿದ ಮೇಲೆ ಮೊದಲಿನ ಅಂಚು ಮತ್ತೆ ಬರುವುದಿಲ್ಲ. ತುಂಬಿ, ಒಣಗಿಸಿ, ತೀಡಿ, ಎಣ್ಣೆ ಹಚ್ಚಿದೆ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಚೆನ್ನಾದ ಕೆಲಸ ನಾನು ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಆಟೋದಲ್ಲಿ, ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಹುಲಿಕೆರೆಗೆ ಹೋದೆ. ಆಚಾರ್ರು ಜಗಲಿಯ ಮೇಲೆ ಕುರ್ಚಿಯಲ್ಲಿ ಕೂತಿದ್ದರು. ಬಟ್ಟೆ ಬಿಚ್ಚಿ ಎದುರಿಗಿಟ್ಟೆ. ಎಡಗೈಯಿಂದ ಗಿಳಿ ಮುಟ್ಟಿದರು, ಮಣಿಕಟ್ಟು ಸವರಿದರು, ತಲೆಯಾಡಿಸಿದರು. ಆಮೇಲೆ ಹೆಬ್ಬೆರಳು ತುಟಿಗೆ ಹೋಯಿತು. ಅಲ್ಲೇ ಆಚೀಚೆ ಸವರಿತು. ಮತ್ತೆ ಸವರಿತು.

"ಎ... ಎಲ್ಲಿ?" ಎಂದರು.

ನಾನು ಇದಕ್ಕೇ ಕಾದಿದ್ದೆ. "ಗೊತ್ತೇ ಆಗಲ್ಲ ಅಲ್ವಾ ಆಚಾರ್ರೇ? ನಿಮ್ಮ ಉಳಿ ಜಾರಿತ್ತಲ್ಲ, ಅದನ್ನೂ ಮುಚ್ಚಿದೀನಿ. ಯಾರಿಗೂ ಹೇಳಲ್ಲ ಬಿಡಿ."

ಅವರು ಉಗುರಿನಿಂದ ತುಟಿಯನ್ನು ಕೆರೆಯತೊಡಗಿದರು. ಕಾಫಿ ತಂದ ಗೌರಮ್ಮನವರು "ಏನಮ್ಮಾ ಜಾರಿದ್ದು?" ಎಂದು ಕೇಳಿದರು.

"ಮೇಲ್ದುಟಿ ಸೀಳಿತ್ತು, ಮೂಗಿನವರೆಗೂ."

"ಎಡಕ್ಕಾ?"

"ಹೂಂ, ಎಡಕ್ಕೆ."

ಆಯಮ್ಮ ಲೋಟ ಕೆಳಗಿಟ್ಟು ನೆಲದ ಮೇಲೆ ಕೂತರು. "ಅದು ಜಾರಿದ್ದಲ್ಲ ಕಣಮ್ಮ. ಅದು ನಮ್ ಕಾಮಾಕ್ಷಿ."

ಅವರಿಗೊಬ್ಬ ಮಗಳಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ನಾನು ಈ ಕಡೆಗೆ ಸೊಸೆಯಾಗಿ ಬರುವ ಮುಂಚೆಯೇ ತೀರಿಕೊಂಡಿದ್ದಳು. ಹುಟ್ಟಾ ಸೀಳುತುಟಿ. ಸ್ಕೂಲಿನಲ್ಲಿ ಫೋಟೋ ತೆಗೆಯುವ ದಿನ ಮನೆಯಲ್ಲೇ ಇರಿಸಿಕೊಳ್ಳುತ್ತಿದ್ದರಂತೆ. ಹಾಗಾಗಿ ಒಂದು ಫೋಟೋ ಕೂಡ ಇಲ್ಲ. ನೋಡಲು ಗಂಡಿನ ಕಡೆಯವರು ಬಂದಾಗ "ಸೆರಗು ಬಾಯಿಗೆ ಅಡ್ಡ ಇಟ್ಕೋ" ಎಂದು ಹೇಳುತ್ತಿದ್ದವರು ಅಪ್ಪನೇ. ಮೂರನೆಯ ಗಂಡೂ ಬೇಡವೆಂದ ವಾರದಲ್ಲೇ ಹುಡುಗಿ ಬಾವಿಗೆ ಬಿದ್ದಳು. ಹತ್ತೊಂಬತ್ತು ವರ್ಷ. ಆಮೇಲೆ ಆ ಮನೆಯಲ್ಲಿ ಅವಳ ಹೆಸರೆತ್ತಿದವರಿಲ್ಲ. ಮೂವತ್ತು ವರ್ಷ ಕಳೆದ ಮೇಲೆ ಅಪ್ಪ ಬಾಗಿಲು ಹಾಕಿಕೊಂಡು ಕೂತು, ಸೆರಗಿಲ್ಲದ ಮುಖವನ್ನು ಒಂದು ಸಲ ಕೆತ್ತಿದ್ದರು.

"ಮತ್ತೆ ಕೊರೆದುಕೊಡ್ತೀನಿ ಅಮ್ಮಾ, ಇವತ್ತೇ" ಎಂದೆ.

"ನೀನ್ ಕೊರದ್ರೆ ಅದು ಗಾಯ ಆಯ್ತದೆ. ಅವಳ್ ತುಟಿ ಆಗಕಿಲ್ಲ" ಎಂದರು ಗೌರಮ್ಮ. ಆಚಾರ್ರು ನನ್ನ ಕಡೆ ನೋಡಲೇ ಇಲ್ಲ. ಉಗುರು ಇನ್ನೂ ಕೆರೆಯುತ್ತಲೇ ಇತ್ತು. ನನ್ನ ಎಪಾಕ್ಸಿ ಗಟ್ಟಿಯಾಗಿತ್ತು, ಒಂದು ಗೆರೆಯೂ ಏಳಲಿಲ್ಲ.

ಗೊಂಬೆ ನಾಗಪುರಕ್ಕೆ ಹೋಯಿತು. ಸಂಗ್ರಹಕಾರರು ಮೆಸೇಜು ಕಳಿಸಿದರು: ಮುಖ ಈಗ ಎಷ್ಟು ಸುಂದರವಾಗಿದೆ, ದುರಸ್ತಿ ಮಾಡಿದವರಿಗೆ ನಮಸ್ಕಾರ ತಿಳಿಸಿ. ಮಾಲೀಕರು ಅದನ್ನು ಎಲ್ಲರಿಗೂ ಓದಿ ಹೇಳಿದರು. ನಾನು ಹಿತ್ತಿಲಿಗೆ ಹೋಗಿ ಅತ್ತೆ.

ಆಚಾರ್ರು ಯುಗಾದಿಗೆ ಮುಂಚೆ ಹೋದರು. ತಿಥಿ ಕಳೆದ ಮೇಲೆ ಗೌರಮ್ಮನವರು ಅಂಗಡಿಗೆ ಬಂದು, ರಿಪೇರಿಗೆ ಮುಂಚಿನ ಫೋಟೋ ಇದೆಯಾ ಎಂದು ಕೇಳಿದರು. ಇತ್ತು, ಒಂದೇ ಒಂದು. ಡಬ್ಬ ಬಿಚ್ಚಿದ ಕೂಡಲೇ, ಸೀಳಿನ ಬಣ್ಣ ಗಮನಿಸುವ ಮುಂಚೆ, ಕೊರಿಯರ್‌ನವರ ಕ್ಲೇಮಿಗೆಂದು ನಾನೇ ತೆಗೆದು, ಮೂರು ಕಡೆ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದು. ಪ್ರಿಂಟ್ ತೆಗೆದುಕೊಟ್ಟೆ. ಆಯಮ್ಮ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತುಟಿಯ ಸುತ್ತಲಿನ ಕೆಂಪು ಗೆರೆಯ ಮೇಲೆ ಬೆರಳಿಟ್ಟರು.

"ಇಲ್ಲೇನ್ ಬರ್ದಿರೋದು?"

ಸುಳ್ಳು ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ. "ಡ್ಯಾಮೇಜು ಅಂತ, ಅಮ್ಮಾ."

ಈಗ ನನ್ನ ಮೇಜಿಗೆ ಯಾವ ಗೊಂಬೆ ಬಂದರೂ, ಇದರಲ್ಲಿ ಮುರಿದದ್ದು ಯಾವುದು, ಮಾಡಿದವನು ಬೇಕೆಂದೇ ಇಟ್ಟದ್ದು ಯಾವುದು ಎಂದು ಕೆತ್ತಿದವರನ್ನು ಕೇಳದೆ ಅರ ಮುಟ್ಟುವುದಿಲ್ಲ. ಕೇಳಿದರೆ ಹೇಳುತ್ತಾರೆ. ಆಚಾರ್ರನ್ನು ನಾನು ಕೇಳಿರಲಿಲ್ಲ. ಅವತ್ತು ಗೌರಮ್ಮನವರು ಬೈಯಲಿಲ್ಲ, ಶಪಿಸಲಿಲ್ಲ. ಫೋಟೋವನ್ನು ಮಡಿಸದೆ ಸೆರಗಿನೊಳಗೆ ಇಟ್ಟುಕೊಂಡು ಎದ್ದರು.

"ನೋಡಕ್ ಬಂದೋರೂ ಅದನ್ನೇ ಅಂದಿದ್ದು ಬಿಡಮ್ಮ" ಎಂದು ಹೇಳಿ ಬಸ್ಸಿಗೆ ಹೋದರು.