ಗರಗಸದ ಕೆಳತುದಿ

ಗರಗಸ ಎಳೆಯುವ ಇಬ್ಬರಲ್ಲಿ ಮೇಲೆ ನಿಂತವನಿಗೆ ಕೊಯ್ಯಬೇಕಾದ ಗೆರೆ ಕಾಣುತ್ತದೆ, ಕೆಳಗೆ ನಿಂತವನಿಗೆ ಮರದ ಹೊಟ್ಟೆ ಮಾತ್ರ. ಕಡಬದ ಪೋಕರ್ ಹನ್ನೆರಡು ವರ್ಷ ಕೆಳಗೇ ನಿಂತವನು. ಮೇಲೆ, ಕಂಬ ನೆಟ್ಟು ಕಟ್ಟಿದ ಅಟ್ಟಕ್ಕೇರಿಸಿದ ದಿಮ್ಮಿಯ ಮೇಲೆ, ಅವನ ಹೆಂಡತಿ ಝೈನಬಳ ಅಣ್ಣ ಸಲಾಂ. ಭಾವ ಮೇಲಕ್ಕೆ ಎತ್ತಬೇಕು, ಪೋಕರ್ ಕೆಳಕ್ಕೆ ಎಳೆಯಬೇಕು. ಎಳೆಯುವಾಗ ಉಸಿರು ಹೊರಗೆ, ಗರಗಸ ಏರುವಾಗ ಒಳಗೆ. ಒಬ್ಬ ದುಡಿಯುವಾಗ ಇನ್ನೊಬ್ಬನಿಗೆ ವಿಶ್ರಾಂತಿ. ಇಷ್ಟು ನ್ಯಾಯ ಇರುವ ಕೆಲಸ ಲೋಕದಲ್ಲಿ ಬೇರೆ ಇಲ್ಲವೆಂದು ಪೋಕರ್ ನಂಬಿದ್ದ. ನಂಬುವುದರಲ್ಲಿ ಅವನು ಮೊದಲಿನಿಂದಲೂ ಧಾರಾಳಿ.

ಸಾವಿರದ ಒಂಬೈನೂರ ಐವತ್ತೆಂಟರ ಹೊತ್ತಿಗೆ ಅವನ ಮೈ ಕೆಟ್ಟಿತು. ಬಲಹೆಗಲು ಮೇಲೇರಿತು, ಸೊಂಟ ಎಡಕ್ಕೆ ಜಾರಿತು. ಎಳೆದುಕೊಂಡ ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತು ವಾಪಸಾಗುತ್ತಿತ್ತು. ಶುಕ್ರವಾರ ಮಸೀದಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ಸಾಲಿನಲ್ಲಿ ನಿಂತರೆ ಪಕ್ಕದವನ ಮೇಲೆ ವಾಲುತ್ತಿದ್ದ. ತೋಡಿಗೆ ಅಡ್ಡ ಹಾಕಿದ ಮರದ ಸಂಕ ದಾಟುವಾಗ ಎರಡು ಸಲ ನೀರಿಗೆ ಬಿದ್ದ. ಎರಡನೆಯ ಸಲ ಎತ್ತಿ ಮನೆಗೆ ತಂದದ್ದು ಸಲಾಮನೇ. "ಪ್ರಾಯ ಆಯ್ತು ಮಾರಾಯ ನಿನಗೆ," ಎಂದು ನಕ್ಕಿದ್ದ. ಪೋಕರನಿಗೆ ಆಗ ಮೂವತ್ತೆಂಟು. ನೆಟ್ಟಗೆ ನಿಲ್ಲಲಾಗದವನಿಗೆ ಗರಗಸವಿಲ್ಲ, ಗರಗಸವಿಲ್ಲದಿದ್ದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಝೈನಬ ಒತ್ತಾಯ ಮಾಡಿ ಸವಣೂರಿನ ತ್ಯಾಂಪಣ್ಣನಲ್ಲಿಗೆ ಕಳಿಸಿದಳು. ಉಳುಕು, ಸೊಂಟನೋವಿಗೆ ಎಣ್ಣೆ ಹಾಕಿ ತಿಕ್ಕುವ ಮುದುಕ. ನೋಯುವ ಹೆಗಲನ್ನು ಬಿಟ್ಟು ಅವನು ಎಡಗಾಲಿನ ಮೀನಖಂಡ ಒತ್ತಿದ. ಪೋಕರ್ ಕಿರುಚಿದ.

"ನೋವು ಹೆಗಲಲ್ಲಿ ಉಂಟು, ತ್ಯಾಂಪಣ್ಣ!"

"ಗೊತ್ತುಂಟು. ಹಿಮ್ಮಡಿಯಿಂದ ಕುತ್ತಿಗೆವರೆಗೆ ಒಂದೇ ಹಗ್ಗ ಮಾರಾಯ. ಒಂದು ಕಡೆ ಬಿಗಿದ್ರೆ ಇನ್ನೊಂದು ಕಡೆ ಎಳೀತದೆ." ಮುದುಕನ ಬೆರಳು ಪಕ್ಕೆಲುಬಿನ ಅಡಿಗೆ ಹೋಯಿತು. "ಇದು ಎಳೆಯುವವನ ಮೈ ಅಲ್ಲ. ಹಿಮ್ಮಡಿ ಊರಿ, ಹೊಟ್ಟೆ ಬಿಗಿದು, ಉಸಿರು ಕಟ್ಟಿ ಮೇಲಕ್ಕೆ ನೂಕುವವನ ಮೈ. ಎತ್ತುದು ಮೇಲಿನವನ ಕೆಲಸ ಅಲ್ವಾ? ಅವ ಎಂತ ಮಾಡ್ತಾನೆ?"

"ನನ್ನ ಭಾವನ ಬಗ್ಗೆ ಹಾಗೆಲ್ಲ ಹೇಳ್ಬೇಡಿ!" ಪೋಕರ್ ಎಣ್ಣೆಮೈಯಲ್ಲೇ ಅಂಗಿ ಹಾಕಿಕೊಂಡು ಹೊರಟುಬಿಟ್ಟ.

ದಾರಿಯಲ್ಲಿ ನೆನಪಾಯಿತು. ಮೂರು ವರ್ಷದ ಹಿಂದೆ ಸಲಾಮನಿಗೆ ಚಳಿಜ್ವರ ಬಂದು ನಿತ್ರಾಣವಾಗಿತ್ತು. ನಾಲ್ಕು ದಿನ ಸುಧಾರಿಸಿಕೊಳ್ಳಲಿ ಎಂದು ಪೋಕರನೇ ಕೆಳಗಿನಿಂದ ನೂಕಿಕೊಟ್ಟಿದ್ದ. ಅದನ್ನು ನಿಲ್ಲಿಸಿದ್ದು ಯಾವಾಗ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

ಮರುದಿನ, ತ್ಯಾಂಪಣ್ಣನ ಬಾಯಿ ಮುಚ್ಚಿಸಬೇಕೆಂದೇ, ಕೆಳಕ್ಕೆ ಎಳೆದವನು ಕೈ ಸಡಿಲ ಬಿಟ್ಟ. ಗರಗಸ ಏರಲಿಲ್ಲ. ಮರದ ಮಧ್ಯೆ ಹಾಗೇ ನಿಂತಿತು.

ಮೇಲಿನಿಂದ ಸಲಾಂ ಕೇಳಿದ: "ಎಂತ, ಇವತ್ತು ನೂಕುದಿಲ್ವಾ?"

ಸಲಾಮನಿಗೆ ಗೊತ್ತಿಲ್ಲದೆ ಆದದ್ದಾಗಿದ್ದರೆ ಆ ಪ್ರಶ್ನೆ ಬರುತ್ತಿರಲಿಲ್ಲ. ಪೋಕರ್ ಈಚೆ ಬಂದು ತಲೆಯೆತ್ತಿ ನೋಡಿದ. ನಲವತ್ತೈದರ ಭಾವ ಅಡಿಕೆ ಮರದ ಹಾಗೆ ನೆಟ್ಟಗೆ ನಿಂತು ಹೊಟ್ಟೆ ತುಂಬ ಉಸಿರಾಡುತ್ತಿದ್ದ.

"ನಿಮ್ಮ ಜ್ವರ ಬಿಟ್ಟು ಮೂರು ವರ್ಷ ಆಯ್ತು ಭಾವ."

"ನೀನಾಗಿ ನೂಕ್ತಾ ಇದ್ದಿ. ನಾನು ಬೇಡ ಹೇಳ್ಲಿಲ್ಲ, ಅಷ್ಟೇ."

"ನಾನು ನೀರಿಗೆ ಬಿದ್ದಾಗಲೂ ಹೇಳ್ಲಿಲ್ಲ."

ಸಲಾಂ ಮರದ ಮೇಲಿನ ಗೆರೆಯನ್ನೇ ನೋಡುತ್ತ ನಿಂತ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುತ್ತಾರೆ. ಗುದ್ದಿದವನು ಮನೆಯವನೇ ಆದರೆ ಯಾರಲ್ಲಿ ಹೇಳುವುದು? ಪೋಕರ್ ಕೆಳಗಿನ ಹಿಡಿಯ ಬೆಣೆ ಬಡಿದು ತೆಗೆದು, ಹಿಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದ. ಹಬ್ಬಕ್ಕೆ ಸಲಾಂ ತಂಗಿಯ ಮನೆಗೆ ಬಂದಾಗ ಪೋಕರ್ ಬಡಿಸಿದ, ಮುಖ ನೋಡಲಿಲ್ಲ.

ಮಳೆಗಾಲ ಕಳೆದ ಮೇಲೆ ನರಿಮೊಗರಿನ ಶುಕೂರ್ ಎಂಬವನ ಜೊತೆ ಕೆಲಸಕ್ಕಿಳಿದ. ಕ್ಷಮೆ ಕೇಳಿ ಮತ್ತೆ ಹಾಕಿಸಿಕೊಂಡ ತ್ಯಾಂಪಣ್ಣನ ಎಣ್ಣೆಯಿಂದ ಸೊಂಟ ಸ್ವಲ್ಪ ನೇರವಾಗಿತ್ತು. ಹತ್ತು ಎಳೆತ ಆಗುವಷ್ಟರಲ್ಲಿ ಗರಗಸ ಎಗರಿ ಗೆರೆ ತಪ್ಪಿತು. ಶುಕೂರ್ ಬಗ್ಗಿ ಕೆಳಗೆ ನೋಡಿದ.

"ನೀವು ಯಾಕೆ ನೂಕುದು ಪೋಕರಾಕ? ಎತ್ತಲಿಕ್ಕೆ ನಾನಿಲ್ವಾ? ಆಗ ನೀವು ಉಸಿರು ತೆಕ್ಕೊಳ್ಳಿ."

ಪರಿಚಯವಾಗಿ ವಾರ ಕಳೆಯದವನು ಹೇಳಿದ ಮಾತು. ಮೂರು ವರ್ಷ ಭಾವನ ಬಾಯಿಂದ ಬಾರದ ಮಾತು. ಪೋಕರ್ ಹಿಡಿ ಬಿಟ್ಟು, ದಿಮ್ಮಿಯ ಅಡಿಯಲ್ಲೇ ಕುಳಿತು ಅತ್ತುಬಿಟ್ಟ.