ರತ್ನಗಂಬಳಿ ಮತ್ತು ನನ್ನ ಸ್ವೆಟರ್

ಗೋಡೆಗೆ ತೂಗುಹಾಕಿದ್ದ ರತ್ನಗಂಬಳಿಯ ಮುಂದೆ ನಾವೆಲ್ಲ ಗರ್ಭಗುಡಿಯ ಮುಂದೆ ನಿಂತಂತೆ ನಿಂತಿದ್ದೆವು. ಸಿಂಗಪುರದ ತಂಜಾಂಗ್ ಪಗಾರ್‌ನಲ್ಲಿ ಮಗನ ಸ್ನೇಹಿತರ ಮನೆ ಅದು. ಕಂಬಳಿಯನ್ನು ಮಧ್ಯ ಏಷ್ಯಾದ ತುರ್ಕ್‌ಮೆನ್ ಬುಡಕಟ್ಟಿನ ಹೆಂಗಸರು ನೂರು ವರ್ಷದ ಹಿಂದೆ ನೇಯ್ದದ್ದಂತೆ.

“ಅರ್ಧದಿಂದ ಕೆಂಪು ಚೇಂಜ್ ಆಗಿದೆ ನೋಡಿ ಅಮ್ಮಾ, ಅದು ಮರುಭೂಮಿಯ ಸಂಜೆ. ತುಂಬಾ ಡೀಪ್ ಮೀನಿಂಗ್!” ಎಂದರು ಆ ಸ್ನೇಹಿತರು.

“ಉಣ್ಣೆ ಖಾಲಿ ಆಗಿರತ್ತೆ ಲಾ, ಅಂಕಲ್! ನಮ್ಮಜ್ಜಿ ಸ್ವೆಟರ್ ಹೆಣೆದಾಗ್ಲೂ ಹೀಗೇ ಆಯ್ತು” ಎಂದಳು ಏಳು ವರ್ಷದ ಮೊಮ್ಮಗಳು. ಅಂಕಲ್ ಕೆಮ್ಮಿದರು.

ಒಂದು ತೋಳು ಬೇರೆ ಬಣ್ಣವೆಂದು ಅವಳು ಮುಟ್ಟಿಯೂ ನೋಡದಿದ್ದ ಸ್ವೆಟರ್ ಅದು. ಮರುದಿನ ಸ್ಕೂಲಿನ ಎಸಿಗೆ ಅದನ್ನೇ ಹಾಕಿಕೊಂಡು ಹೊರಟಳು! ನನಗೆ ಹಿಗ್ಗೋ ಹಿಗ್ಗು. ಇನ್ನು ಯಾರಾದರೂ ಆ ತೋಳಿನ ಬಗ್ಗೆ ಕೇಳಲಿ, ಅದು ನಾವಿರುವ ಯಿಶುನ್ ಬಡಾವಣೆಯ ಸಂಜೆ, ತುಂಬಾ ಡೀಪ್ ಮೀನಿಂಗ್ ಎನ್ನುತ್ತೇನೆ.