ಸಾವಿನ ಮನೆಗೆ ಅಂದೇ ಹೋದವರು

ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಆಸ್ಪತ್ರೆಗೆ ಜಾಗ ಕೊಟ್ಟವರಿದ್ದಾರೆ, ಕಟ್ಟಡ ಕಟ್ಟಿಸಿದವರಿದ್ದಾರೆ, ಒಂದು ಫ್ಯಾನು ಕೊಟ್ಟು ಅದರ ಮೂರೂ ರೆಕ್ಕೆಗಳ ಮೇಲೆ ಹೆಸರು ಬರೆಸಿಕೊಂಡ ಪುಣ್ಯವಂತರೂ ಇದ್ದಾರೆ. ಆದರೆ ಕಟ್ಟಿದ ಆಸ್ಪತ್ರೆಯೊಳಗೆ ಏನು ನಡೆಯುತ್ತಿದೆ ಎಂದು ಊರಿನ ಪರವಾಗಿ ಹೋಗಿ ಕೇಳಿದವರು ಬೆರಳೆಣಿಕೆಯಷ್ಟು ಮಂದಿ. ಕೇಳಿ, ಉತ್ತರ ಬರುವ ತನಕ ಏಳದೆ ಕೂತವರು ಇನ್ನೂ ಕಡಿಮೆ. ಆ ವಿರಳರ ಸಾಲಿನಲ್ಲಿ ಮೊದಲು ನೆನೆಯಬೇಕಾದ ಹೆಸರು, ಕಲ್ಲುತೋಪಿನಹಳ್ಳಿ ಗ್ರಾಮ ಪಂಚಾಯಿತಿಯ ಸದಸ್ಯರಾಗಿ, ಅಧ್ಯಕ್ಷರಾಗಿ, ಎಲ್ಲಕ್ಕಿಂತ ಮಿಗಿಲಾಗಿ ಅದರ ಆರೋಗ್ಯ ಸಮಿತಿಯ ಹಿರಿಯರಾಗಿ ದೀರ್ಘಕಾಲ ದುಡಿದು, ಇನ್ನು ಚುನಾವಣೆಗೆ ನಿಲ್ಲುವುದಿಲ್ಲವೆಂದು ತಾವಾಗಿಯೇ ಹೇಳಿ ನಿವೃತ್ತರಾಗುತ್ತಿರುವ ಶ್ರೀಮತಿ ದ್ರಾಕ್ಷಾಯಣಮ್ಮನವರದು.

ಅಭಿನಂದನ ಗ್ರಂಥದ ಲೇಖನವೆಂದರೆ ಒಬ್ಬಟ್ಟಿನ ಊಟವಿದ್ದ ಹಾಗೆ. ಸಿಹಿ ಹೆಚ್ಚಾಯಿತೆಂದು ಯಾರೂ ದೂರುವುದಿಲ್ಲ. ಇಲ್ಲಿ ಸಿಹಿ ಕಡಿಮೆಯಾಗಿದ್ದರೆ ಅದಕ್ಕೆ ಹೊಣೆ ಅವರೇ. ಗ್ರಂಥ ಸಮಿತಿಯವರು ಒಪ್ಪಿಗೆ ಕೇಳಲು ಹೋದಾಗ ಅವರು ಹೇಳಿದ್ದು ಇಷ್ಟು: "ಬರೀರಪ್ಪ, ಬ್ಯಾಡ ಅನ್ನಲ್ಲ. ಆದ್ರೆ ನಯನಂದೂ ಬರೀರಿ, ನನ್ ಸೊಸೆ ಲಿಖಿತಂದೂ ಬರೀರಿ. ಅದ ಬುಟ್ಟು ಬರೆದ್ರೆ ಅದು ನನ್ ಬಗ್ಗೆ ಅಲ್ಲ, ಇನ್ಯಾರ್ ಬಗ್ಗೇನೋ."

ದ್ರಾಕ್ಷಾಯಣಮ್ಮನವರು ಹುಟ್ಟಿದ್ದು ಕಂದಿಕೆರೆಯ ಕಡೆ, ಸೇರಿದ್ದು ಕಲ್ಲುತೋಪಿನಹಳ್ಳಿಯ ಕೊಬ್ಬರಿ ವ್ಯಾಪಾರದ ಮನೆಯನ್ನು. ಊರಿನ ಕ್ಷೇತ್ರಕ್ಕೆ ಮಹಿಳಾ ಮೀಸಲು ಬಂದ ವರ್ಷ ಎಲ್ಲರ ಲೆಕ್ಕಾಚಾರ ಒಂದೇ ಆಗಿತ್ತು: ಹೆಸರು ಅಮ್ಮನದು, ಕುರ್ಚಿ ಅಯ್ಯನದು. ಅವರ ಪತಿ ವೀರಭದ್ರಯ್ಯನವರು ಮೊದಲ ಸಭೆಗೆ ಜೊತೆಯಲ್ಲಿ ಬಂದರು, ಹೆಂಡತಿ ಕುರ್ಚಿಯಲ್ಲಿ ಕೂತದ್ದನ್ನು ನೋಡಿದರು, ತೋಟದಲ್ಲಿ ಕಾಯಿ ಕೆಡವಿಸುವುದಿದೆ ಎಂದು ಹೇಳಿ ಹೊರಟೇ ಹೋದರು. ಪತಿವ್ರತೆಯರ ಕಥೆ ಕೇಳಿ ಬೆಳೆದ ಊರಿಗೆ ಇಂಥ ಪತಿಯನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ರಸ್ತೆ, ಚರಂಡಿ, ಬೀದಿದೀಪಗಳ ಜವಾಬ್ದಾರಿಗೆ ಪೈಪೋಟಿ ನಡೆದು, ಕಾಮಗಾರಿಯೂ ಇಲ್ಲದ ಕಮಿಷನ್ನೂ ಇಲ್ಲದ ಆರೋಗ್ಯ ಸಮಿತಿ ಕೊನೆಗೆ ಉಳಿಯಿತು. "ಅಕ್ಕಾವ್ರಿಗೆ ಆಸ್ಪತ್ರೆ ಕೊಟ್ಬುಡಿ, ಮಾತ್ರೆ ನೋಡ್ಕಂಡ್ ಇರ್ಲಿ" ಎಂದು ನಕ್ಕವರು ಕೊಬ್ಬರಿ ಮಂಡಿಯ ಮಲ್ಲೇಶ್, ಆಗಿನ ಸದಸ್ಯರು.

ಆ ಸಮಿತಿಯ ಕೆಲಸ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಲ್ವಿಚಾರಣೆ. ಮೊದಲ ಭೇಟಿಯ ದಿನ ನರ್ಸ್ ಸುನಂದಾ ಅವರು ಬೈಗುಳಕ್ಕೆ ಸಿದ್ಧರಾಗಿಯೇ ನಿಂತಿದ್ದರು. ತಡವಾಗಿ ಬರುತ್ತಾರೆಂಬ ದೂರಿತ್ತು. ದ್ರಾಕ್ಷಾಯಣಮ್ಮನವರು ಹಾಜರಿ ಕೇಳಲಿಲ್ಲ, ಹಿಂದಿನ ವಸತಿಗೃಹ ನೋಡಬೇಕೆಂದರು. ಅಲ್ಲಿ ಮಾಡು ಸೋರಿ ಹಾಸಿಗೆ ಒದ್ದೆಯಾಗಿತ್ತು. ಮುಂದಿನ ವಾರ ಪಂಚಾಯಿತಿಯಿಂದ ಹೆಂಚು ಬಂತು. "ನಾವು ತಪ್ಪು ಹಿಡಿಯಕ್ಕೆ ಹೋಗಿದ್ವೋ ಹೆಂಚು ಹೊದಿಸಕ್ಕೆ ಹೋಗಿದ್ವೋ?" ಎಂದು ಮಲ್ಲೇಶ್ ಸಭೆಯಲ್ಲಿ ಕೆಣಕಿದರು. "ನೆನ್ಕಂಡ್ ಮಲಗೋರ್ನ ಯಾಕ್ ತಡವಾಗಿ ಎದ್ದೆ ಅಂತ ಕೇಳಕ್ಕೆ ಬಾಯಿ ಬತ್ತದೇನಪ್ಪ?" ಎಂದರು ಅಮ್ಮ. ಅಂದಿನಿಂದ ಸಮಿತಿ ಸೇರುತ್ತಿದ್ದದ್ದು ಆಸ್ಪತ್ರೆಯ ಜಗಲಿಯ ಮೇಲೆ. ಚೀಟಿ ಬರೆಸಲು ಬಂದವರೂ ಅಲ್ಲಿ ಕೂತು ಮಾತಾಡಬಹುದಿತ್ತು. ಹೆರಿಗೆ ಕೋಣೆಗೆ ಹಂಡೆ ಬಂತು, ಕಿಟಕಿಗೆ ಪರದೆ ಬಂತು, ಹೆಂಗಸರು ತಿಪಟೂರಿಗೆ ಓಡುವುದು ತಪ್ಪಿತು.

ಅದೇ ಊರಿನ ಬೋರಮ್ಮನ ಮಗಳು ನಯನ ಅಲ್ಲಿಯೇ ಹೆತ್ತಳು. ಮಗು ಚೆನ್ನಾಗಿತ್ತು, ತಾಯಿಗೆ ರಕ್ತ ನಿಲ್ಲಲಿಲ್ಲ. ಸುನಂದಾ ಅವರು ರಕ್ತ ನಿಲ್ಲಿಸುವ ಇಂಜೆಕ್ಷನ್ ಕೊಟ್ಟರು, ಮತ್ತೆ ಕೊಟ್ಟರು. ಆಂಬುಲೆನ್ಸ್ ಚಿಕ್ಕನಾಯಕನಹಳ್ಳಿ ಮುಟ್ಟುವ ಮೊದಲೇ ಹುಡುಗಿ ಹೋಗಿಬಿಟ್ಟಳು. ಏನಾಯಿತೆಂದು ಕೇಳುವುದು ಸಮಿತಿಯ ಕರ್ತವ್ಯವೆಂಬುದು ಎಲ್ಲರಿಗೂ ಗೊತ್ತಿತ್ತು. ದ್ರಾಕ್ಷಾಯಣಮ್ಮನವರ ಮನೆತನದಲ್ಲಿ ಸೂತಕ ಆಚರಿಸುವುದಿಲ್ಲ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಅವರ ತಾಯಿ ಹೇಳಿಕೊಟ್ಟಿದ್ದರು. ಬೋರಮ್ಮನ ಮನೆಯಲ್ಲಿ ಹಾಗಲ್ಲ, ಹನ್ನೊಂದನೆಯ ದಿನದ ತಿಥಿ ಮುಗಿಯುವ ತನಕ ಹೊರಗಿನ ವ್ಯವಹಾರದ ಮಾತು ಆ ಮನೆಯ ಹೊಸಿಲು ದಾಟುವಂತಿಲ್ಲ. ನಮ್ಮಲ್ಲಿಲ್ಲವೆಂದು ಇನ್ನೊಬ್ಬರ ಮನೆಯ ಪದ್ಧತಿಯನ್ನು ತುಳಿಯಬಾರದು ಎಂದು ಅಮ್ಮ ಕಾಯಲು ನಿರ್ಧರಿಸಿದರು. ಅದು ಮರ್ಯಾದೆಯ ನಿರ್ಧಾರ. ಈ ಸೀಮೆಯಲ್ಲಿ ಯಾರಾದರೂ ಅದನ್ನೇ ಮಾಡುತ್ತಿದ್ದರು.

ತಿಥಿಗೆ ಎರಡು ದಿನ ಮುಂಚೆ ಅದೇ ಕೋಣೆಯಲ್ಲಿ ಲಕ್ಷ್ಮಕ್ಕನ ಸೊಸೆ ಹೆತ್ತಳು. ಅವಳಿಗೂ ರಕ್ತ ನಿಲ್ಲಲಿಲ್ಲ. ಅದೇ ಇಂಜೆಕ್ಷನ್ ಕೊಟ್ಟರು, ಅವಳೂ ಉಳಿಯಲಿಲ್ಲ.

ಅಂದು ಅಮ್ಮ ಯಾರ ಮನೆಗೂ ಹೋಗದೆ ನೇರವಾಗಿ ಔಷಧಿಯ ಕೋಣೆಗೆ ಹೋಗಿ ಫ್ರಿಜ್ಜಿನೊಳಗೆ ಕೈಯಿಟ್ಟರು. ಹೊರಗೆಷ್ಟು ಸೆಕೆಯೋ ಒಳಗೂ ಅಷ್ಟೇ ಇತ್ತು. ತೋಟಗಳಿಗೆ ತ್ರೀ ಫೇಸ್ ಕರೆಂಟು ಬಂದು ಊರಿನ ಮೋಟಾರೆಲ್ಲ ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಬಿದ್ದು ಫ್ರಿಜ್ಜಿನ ಸ್ಟೆಬಿಲೈಜರ್ ಸುಟ್ಟುಹೋಗಿತ್ತು. ತಣ್ಣಗಿರಬೇಕಾದ ಔಷಧಿ ಬಿಸಿಗೆ ಸತ್ವ ಕಳೆದುಕೊಂಡಿತ್ತು. ಸುನಂದಾ ಅವರು ಬಾಗಿಲಲ್ಲೇ ನಿಂತು ಅತ್ತರು. "ಮೇಲಕ್ಕೆ ಹೇಳಿದ್ದೆ ಅಮ್ಮ, ಯಾರೂ ಬರ್ಲಿಲ್ಲ. ಔಷ್ದಿ ಕೆಟ್ಟಿರಬೋದು ಅಂತ ನಯನ ಹೋದ್ಮೇಲೆ ಅನುಮಾನ ಬಂತು. ತಿಥಿ ಆದ್ಮೇಲೆ ಸಮಿತಿ ಕೂರ್ತದಲ್ಲ, ಆಗ ಹೇಳಣ ಅಂತ ಕಾಯ್ತಿದ್ದೆ."

ಈ ಮಾತನ್ನು ದ್ರಾಕ್ಷಾಯಣಮ್ಮನವರು ಎಂದೂ ಮರೆಯಲಿಲ್ಲ, ಮರೆಯಲು ಯತ್ನಿಸಲೂ ಇಲ್ಲ. ಮುಂದಿನ ಸಭೆಯಲ್ಲಿ ಅವರು ಮಂಡಿಸಿದ ಠರಾವು ನೇರವಾಗಿತ್ತು: ಬಸುರಿಯಾಗಲಿ ಬಾಣಂತಿಯಾಗಲಿ ಕೂಸಾಗಲಿ ತೀರಿಕೊಂಡರೆ ಆರೋಗ್ಯ ಸಮಿತಿ ಅಂದೇ ಆ ಮನೆಗೆ ಹೋಗಬೇಕು, ಮನೆಯವರನ್ನು ಮೊದಲು ಕೇಳಬೇಕು, ಆಸ್ಪತ್ರೆಯವರನ್ನು ಆಮೇಲೆ. ಸಭೆಯಲ್ಲಿ ಗದ್ದಲವೆದ್ದಿತು. ಹೆಣದ ಮುಂದೆ ಪ್ರಶ್ನೆ ಕೇಳುವುದೇ ಎಂದು ಹಿರಿಯರು ಎದ್ದು ನಡೆದರು. ಠರಾವನ್ನು ಉಳಿಸಿದ್ದು ಬೋರಮ್ಮ. ಸದಸ್ಯೆಯಲ್ಲದಿದ್ದರೂ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಆಕೆ ಒಳಗೆ ಬಂದು, "ನನ್ ಮನೆಗೆ ಅವತ್ತೇ ಬಂದಿದ್ರೆ ನಾನು ಬೈತಿದ್ದೆ, ಉಗಿತಿದ್ದೆ. ಲಕ್ಷ್ಮಕ್ಕನ ಸೊಸೆ ಬದುಕ್ತಿತ್ತು" ಎಂದಳು. ಠರಾವು ಅಂಗೀಕಾರವಾಯಿತು. ಅಮ್ಮ ಆಕೆಯನ್ನು ಅಂದೇ ಸಮಿತಿಗೆ ಸೇರಿಸಿಕೊಂಡರು.

ಆಮೇಲಿನ ವರ್ಷಗಳ ಸೇವೆಯನ್ನು ಹೊಗಳುವುದು ಸುಲಭ, ಅನುಭವಿಸಿದ್ದು ಸುಲಭವಾಗಿರಲಿಲ್ಲ. ಗೋಳಿನ ನಡುವೆ ಹೋಗಿ ಕೂರುವ ಈ ಇಬ್ಬರು ಹೆಂಗಸರ ಮುಖಕ್ಕೆ ಬಾಗಿಲು ಹಾಕಿದವರಿದ್ದರು, ಸಗಣಿ ನೀರು ಎರಚಿದವರಿದ್ದರು. ಮದುವೆ ಮನೆಗಳಲ್ಲಿ ಅಮ್ಮನ ಪಕ್ಕ ಬಸುರಿಯರನ್ನು ಕೂರಿಸುತ್ತಿರಲಿಲ್ಲ. ಅವರು ಅದನ್ನು ಗಮನಿಸದವರಂತೆ ಎದ್ದು ಕೊನೆಯ ಪಂಕ್ತಿಗೆ ಹೋಗಿ ಕೂರುತ್ತಿದ್ದರು. ಆದರೂ ಕೇಳಿ ತಿಳಿದದ್ದು ವ್ಯರ್ಥವಾಗಲಿಲ್ಲ. ಕೇಂದ್ರಕ್ಕೆ ಹೊಸ ಫ್ರಿಜ್ಜೂ ಅದಕ್ಕೊಂದು ಬ್ಯಾಟರಿಯೂ ಬಂದವು. ಖಾಲಿ ಬಿದ್ದಿದ್ದ ವೈದ್ಯರ ಹುದ್ದೆಗಾಗಿ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯ ಮುಂದೆ ಬುತ್ತಿ ಕಟ್ಟಿಕೊಂಡು ಹೋಗಿ ಕೂತದ್ದಕ್ಕೆ ಒಬ್ಬ ವೈದ್ಯರೂ ಬಂದರು. ಹೆರಿಗೆಯಾದವರ ಮನೆಗೆ ನರ್ಸು ಮೊದಲ ವಾರದಲ್ಲೇ ಹೋಗಿ ನೋಡುವುದು ತಪ್ಪದ ರೂಢಿಯಾಯಿತು. ಅಕ್ಕಪಕ್ಕದ ಪಂಚಾಯಿತಿಯವರು ಬಂದು ನೋಡಿ ಮೆಚ್ಚಿ ಹೋದರು. ಮೆಚ್ಚಿದ್ದನ್ನು ತಮ್ಮಲ್ಲಿ ಮಾಡಿದರೇ ಎಂದು ಕೇಳಬಾರದು.

ಇನ್ನು ಬರೆಯಲೇಬೇಕಾದದ್ದನ್ನು ಬರೆಯಬೇಕು. ಅಮ್ಮನವರ ಒಬ್ಬನೇ ಮಗ ಮಹಾಂತೇಶ್ ತೋಟ, ವ್ಯಾಪಾರ ಎರಡನ್ನೂ ನೋಡಿಕೊಂಡು ಊರಲ್ಲೇ ಇರುವವರು. ಅವರ ಪತ್ನಿ ಲಿಖಿತಾ ತುರುವೇಕೆರೆಯ ಕಡೆಯ ಹುಡುಗಿ, ನಗುಮುಖದವಳು, ಅತ್ತೆಯನ್ನು "ಮೇಡಂ" ಎಂದು ಕರೆದು ರೇಗಿಸುವಷ್ಟು ಸಲಿಗೆಯವಳು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ನಡೆಯಿತು. ಊರಿನ ಕೇಂದ್ರದಲ್ಲೇ ಸುಸೂತ್ರವಾಗಿ ಹೆಣ್ಣು ಮಗುವಾಯಿತು. ಮನೆಗೆ ಬಂದ ಕೆಲವೇ ದಿನಕ್ಕೆ ಮೈ ಬಿಸಿಯಾಯಿತು. ಹಾಲು ಕಟ್ಟಿರಬೇಕೆಂದುಕೊಂಡು ಅತ್ತೆ ಮೆಣಸಿನ ಕಷಾಯ ಕೊಟ್ಟು, ಇನ್ನೊಂದು ಹಳ್ಳಿಯ ಬಾಣಂತಿಯರನ್ನು ನೋಡಲು ಹೋದರು. ಮಾರನೆಯ ದಿನ ಹುಡುಗಿಗೆ ಚಳಿ ಹಿಡಿದು ಮಾತು ತಡವರಿಸಿತು. ಕಾರಿನಲ್ಲಿ ಮಲಗಿಸಿಕೊಂಡು ತುಮಕೂರಿಗೆ ಹೊರಟರು. ಕಿಬ್ಬನಹಳ್ಳಿ ದಾಟುವ ಮೊದಲೇ ಲಿಖಿತಾಳ ಉಸಿರು ನಿಂತಿತು. ಗರ್ಭಕೋಶದ ನಂಜು ರಕ್ತಕ್ಕೆ ಏರಿತ್ತು.

ಪಡಸಾಲೆಯಲ್ಲಿ ಲಿಖಿತಾಳನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿಯಿಟ್ಟು ಹೂ ಮುಡಿಸಿದ್ದರು. ಊರೆಲ್ಲ ಅಂಗಳದಲ್ಲಿತ್ತು. ದುಃಖದಲ್ಲಿದ್ದ ಊರಿಗೆ ಕುತೂಹಲವೂ ಇತ್ತು, ಅದನ್ನು ಮುಚ್ಚಿಡುವುದೇಕೆ? ಬೋರಮ್ಮ, ಸುನಂದಾ ಇಬ್ಬರೂ ಬಂದು ಹೂವಿಟ್ಟು, ತಲೆ ತಗ್ಗಿಸಿ ಹೊರಟರು.

"ಎಲ್ಲಿಗೆ ಹೊಂಟೆ ಬೋರಮ್ಮ? ಕೂತ್ಕ. ಕೇಳು" ಎಂದರು ಅಮ್ಮ.

"ಇವತ್ ಬ್ಯಾಡ ಕಣಕ್ಕ. ನಾಳೆ ಬತ್ತೀನಿ."

"ಎಲ್ರ ಮನೇಲೂ ಅವತ್ತೇ ಕೂತ್ವಿ. ನನ್ ಮನೇಲಿ ನಾಳೆ ಆಗ್ಬೇಕಾ?"

ಬೋರಮ್ಮ ಕೂತಳು. "ಜ್ವರ ಮೊದ್ಲು ಯಾರ್ ನೋಡಿದ್ದಕ್ಕ?"

"ನಾನು."

"ಆಸ್ಪತ್ರೆಗೆ ಯಾಕ್ ಕರ್ಕಂಡ್ ಹೋಗ್ಲಿಲ್ಲ?"

"ನಂಗೆ ಗೊತ್ತು ಅನ್ಕಂಡೆ. ಕಷಾಯ ಕೊಟ್ಟು ಹೋದೆ."

"ಸುನಂದಮ್ಮ ಬಂದು ನೋಡಿದ್ರಾ?"

ಉತ್ತರ ಕೊಟ್ಟವರು ಹೊಸಿಲಲ್ಲೇ ನಿಂತಿದ್ದ ಸುನಂದಾ. "ಇಲ್ಲ. ಎಲ್ರ ಮನೆಗೂ ಹೋದೆ. ಅಮ್ಮನ್ ಮನೆಗೆ ಹೋಗಿ ನಾವೇನ್ ಹೇಳೋದು ಅಂತ ಬುಟ್ಟೆ. ದೊಡ್ಡೋರ ಮನೆ ಯಾವುದಕ್ಕೂ ನಾನು ಹೋಗಲ್ಲ ಅಮ್ಮ, ಅವರೇ ನೋಡ್ಕತಾರೆ ಅಂತ."

ಕೂಸನ್ನು ಎದೆಗವುಚಿಕೊಂಡು ಮೂಲೆಯಲ್ಲಿದ್ದ ಮಹಾಂತೇಶ್ ಎದ್ದು ನಿಂತರು. "ಇವತ್ತೂ ಮೀಟಿಂಗೇನಮ್ಮ?" ಎಂದರು. ಅಷ್ಟೇ ಹೇಳಿ ಹಿತ್ತಿಲಿಗೆ ನಡೆದರು. ಮಗ ಹೋದ ಬಾಗಿಲನ್ನೇ ಅಮ್ಮ ನೋಡಿದರು. ಆಮೇಲೆ ಸುನಂದಾ ಅವರ ಕಡೆ ತಿರುಗಿ, "ಇನ್ಯಾವ್ ದೊಡ್ಡೋರ ಮನೇಲಿ ಬಾಣಂತಿ ಅವ್ಳೆ?" ಎಂದು ಕೇಳಿದರು.

ಮಲ್ಲೇಶರ ಮನೆಯಲ್ಲಿದ್ದಳು. ಅವರ ಮಗಳು ಧನ್ಯಶ್ರೀ ಹೆತ್ತು ವಾರವೂ ಆಗಿರಲಿಲ್ಲ. ಸದಸ್ಯರ ಮನೆಯೆಂದು ಸುನಂದಾ ಅಲ್ಲಿಗೂ ಹೋಗಿರಲಿಲ್ಲ. ಅಂಗಳದಲ್ಲಿ ನಿಂತಿದ್ದ ಮಲ್ಲೇಶ್, "ನೆನ್ನೆಯಿಂದ ಮೈ ಸುಡ್ತದೆ ಅಂತಿದ್ಲು, ಬಾಣಂತಿಗೆ ಇದ್ದದ್ದೇ ಅಂತ ಸುಮ್ನಿದ್ವಿ" ಎನ್ನುತ್ತ ಅಲ್ಲೇ ಕುಸಿದರು. ಶವಕ್ಕೆಂದು ತಂದಿರಿಸಿದ್ದ ವಾಹನದಲ್ಲೇ ಧನ್ಯಶ್ರೀಯನ್ನು ತಿಪಟೂರಿಗೆ ಒಯ್ದರು. ಲಿಖಿತಾಳನ್ನು ಮಣ್ಣು ಮಾಡುವುದು ಸಂಜೆಗೆ ಮುಂದಕ್ಕೆ ಹೋಯಿತು. ಧನ್ಯಶ್ರೀ ಬದುಕಿದಳು.

ಅಂದು ಸಮಿತಿ ಕೈಗೊಂಡ ನಿರ್ಣಯದಂತೆ ಈಗ ನರ್ಸಿನ ಮೊದಲ ಭೇಟಿ ಅಧ್ಯಕ್ಷರ, ಸದಸ್ಯರ ಮನೆಗಳಿಂದಲೇ ಶುರುವಾಗುತ್ತದೆ. ಹಿಂದೆ ನಕ್ಕ ಮಲ್ಲೇಶರೇ ಈ ಗ್ರಂಥಕ್ಕಾಗಿ ಊರೂರು ತಿರುಗಿದವರು. ಸಮಿತಿಯ ಕೆಲಸವನ್ನು ಬೋರಮ್ಮ ವಹಿಸಿಕೊಳ್ಳುತ್ತಿದ್ದಾಳೆ. ಅಮ್ಮ ಹುದ್ದೆ ಬಿಟ್ಟರೂ ಜಗಲಿ ಬಿಡುವುದಿಲ್ಲವೆಂದು ಆಕೆಗೆ ಮಾತು ಕೊಟ್ಟಿದ್ದಾರೆ. ಇವೆಲ್ಲವೂ ಸಂತೋಷದ ಸಂಗತಿಗಳೇ.

ಆದರೆ ದ್ರಾಕ್ಷಾಯಣಮ್ಮನವರ ಮನೆಯೊಳಗೆ ಸಂತೋಷ ಇನ್ನೂ ಹೊಕ್ಕಿಲ್ಲ. ಮಹಾಂತೇಶ್ ಕೆಟ್ಟವರಲ್ಲ, ತಾಯಿಗೆ ಬಿಸಿನೀರು ಕಾಯಿಸಿಡುತ್ತಾರೆ, ಗುಳಿಗೆ ತಂದುಕೊಡುತ್ತಾರೆ, ಧನ್ಯಶ್ರೀ ಬದುಕಿದ್ದಕ್ಕೆ ಸಂತೋಷಪಡುತ್ತಾರೆ. ಆದರೆ ಹಿತ್ತಿಲಿಗೆ ನಡೆದ ಆ ಹಗಲಿನಿಂದ ಈಚೆಗೆ ಅವರು ತಾಯಿಯನ್ನು ಅಮ್ಮ ಎಂದು ಕರೆದಿಲ್ಲ. "ಅವ್ನು ಕೇಳಿದ್ದು ಸರಿಯಾಗೇ ಅದೆ. ಉತ್ತರ ನನ್ ಹತ್ರ ಇಲ್ಲ" ಎನ್ನುತ್ತಾರೆ ದ್ರಾಕ್ಷಾಯಣಮ್ಮನವರು, ಮೊಮ್ಮಗಳ ಜಡೆ ಹಾಕುತ್ತ.

ಇಂಥ ಗ್ರಂಥಗಳಲ್ಲಿ ಹಿರಿಯರಿಗೆ ನೂರು ವರ್ಷ ಆಯುಸ್ಸು ಕೋರುವುದು ವಾಡಿಕೆ. ಎಷ್ಟೋ ಮನೆಗಳಲ್ಲಿ ಆಯುಸ್ಸು ಅರ್ಧಕ್ಕೆ ಮುಗಿದದ್ದನ್ನು ಕಂಡು ಬಂದ ಇವರಿಗೆ ಅಂಕಿ ಹೇಳುವ ಧೈರ್ಯ ಯಾರಿಗೂ ಇಲ್ಲ. ಅವರು ಆರೋಗ್ಯವಾಗಿರಲಿ, ಜಗಲಿಯ ಮೇಲೆ ಅವರ ಪ್ರಶ್ನೆಗಳು ಮುಂದುವರಿಯಲಿ. ಮಗ ಮತ್ತೆ ಒಮ್ಮೆ ಅಮ್ಮ ಎಂದು ಕರೆಯುವ ದಿನದವರೆಗೆ, ಅದು ಎಷ್ಟು ದೂರವಿದ್ದರೂ, ಅವರು ಬಾಳಲಿ.